ಹೊಸಬರಿಗೆ ಅರ್ಧ ಲೋಟ

ತೊಳೆದಿಟ್ಟ ಲೋಟಗಳನ್ನೇ ಅವಳು ಮತ್ತೆ ತೊಳೆಯುತ್ತಿದ್ದಳು. ಬೆಳಿಗ್ಗೆಯೇ ಉಜ್ಜಿ ಬೋರಲು ಹಾಕಿದ್ದವು, ಒಣಗಿಯೂ ಇದ್ದವು, ಆದರೂ ಕೈಗೆ ಬೇರೆ ದಾರಿ ಕಾಣಲಿಲ್ಲ. ಭಾವ ಬರುತ್ತಾರೆ ಎಂದರೆ ಈ ಮನೆಯ ಗೋಡೆಗಳೂ ತಪ್ಪು ಮಾಡಿದವರ ಹಾಗೆ ನಿಂತುಬಿಡುತ್ತವೆ. ನಡುಮನೆಯಲ್ಲಿ ಗಂಡ ಕುರ್ಚಿಗಳನ್ನು ಎಳೆದಾಡುತ್ತಿದ್ದ. ಒಂದನ್ನು ಕಿಟಕಿಯ ಹತ್ತಿರ ಇಟ್ಟು, ಬೆಳಕು ಅಣ್ಣನ ಕಣ್ಣಿಗೆ ಹೊಡೆಯುತ್ತದೇನೋ ಎಂದು ಮತ್ತೆ ಈಚೆಗೆ ತಂದು, ಅದರಲ್ಲಿ ತಾನೇ ಒಮ್ಮೆ ಕೂತು ನೋಡಿ ಎದ್ದ. ಮೋಟಾರ್ ವೈಂಡಿಂಗ್ ಮಾಡುವವನ ಕೈ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಅವಳ ಬೆನ್ನಿಗೆ ಹೇಳಿದ: “ನೋಡು, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರು. ಅಣ್ಣ ಏನಂದ್ರೂ ಹೂಂ ಅನ್ನು. ನಮಗೆ ಮಗಳು ಮನೆಗೆ ಬರ್ಬೇಕು, ಅಷ್ಟೆ. ನಿನ್ನ ಮಾತು ಗೆಲ್ಲೋದಲ್ಲ.” ಅವಳು ಹೂಂ ಎಂದಳು. ಅಂದ ಮೇಲೆ ಅದು ಒಪ್ಪಿ ಅಂದದ್ದೋ ಅಭ್ಯಾಸಕ್ಕೆ ಅಂದದ್ದೋ ತನಗೇ ತಿಳಿಯದೆ ಸಿಟ್ಟು ಬಂತು. ತನ್ನನ್ನು ಕುಡಿತ ಬಿಡಿಸುವ ವಾರ್ಡಿಗೆ ಸೇರಿಸಿದ ದಿನ ಭಾವ ಬಂದು ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು, ಇವಳು ಸರಿಹೋಗುವವರೆಗೆ ಎಂದು. ಸರಿಹೋಗಿ ವರ್ಷದ ಮೇಲಾಯಿತು. ಸರಿಹೋಯಿತು ಎಂದು ಹೇಳುವ ಅಧಿಕಾರ ಮಾತ್ರ ಇನ್ನೂ ಭಾವನ ಜೇಬಿನಲ್ಲೇ ಇತ್ತು. ಇವತ್ತು ಅದನ್ನು ತೆಗೆದು ಕೊಡುತ್ತಾರೋ, ಮತ್ತೆ ಜೇಬಿಗೇ ಇಳಿಸುತ್ತಾರೋ.

ನೀರಿನಡಿ ತಿರುಗಿಸುತ್ತಿದ್ದ ಲೋಟ ಇನ್ನೊಂದು ಲೋಟವಾಯಿತು. ಅಚ್ಚುಮನೆಯ ಮೇಲಿನ ಉದ್ದ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಕೆಳಗಿನಿಂದ ಏರಿ ಬರುವ ಶಾಯಿಯ ವಾಸನೆ. ಕುಡಿತ ಬಿಟ್ಟವರೂ ಬಿಡಲು ಬಂದವರೂ ಸೇರುವ ಮೀಟಿಂಗಿಗೆ ಮೊದಲ ಸಲ ಹೋದ ದಿನ, ಓಡಿಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಒಬ್ಬ ಮುದುಕ ಬಂದು ಲೋಟ ಕೊಟ್ಟ. ಅದರಲ್ಲಿ ಚಹಾ ಅರ್ಧ ಮಾತ್ರ ಇತ್ತು. ಇಲ್ಲೂ ನನ್ನನ್ನು ಅಳೆಯುತ್ತಾರೆ, ಇಲ್ಲೂ ನನ್ನ ಯೋಗ್ಯತೆ ಇಷ್ಟೇ ಎಂದುಕೊಂಡಳು. ಎತ್ತಿದಳು. ಕೈ ಗಡಗಡ ನಡುಗಿತು, ಚಹಾ ಲೋಟದೊಳಗೆ ಹುಚ್ಚೆದ್ದಂತೆ ಕುಣಿಯಿತು, ಆದರೆ ಒಂದು ಹನಿ ಹೊರಗೆ ಬೀಳಲಿಲ್ಲ. ಮುದುಕ ಮತ್ತೆ ಬಂದು, ಕೇಳದೆ, ಮುಖ ನೋಡದೆ, ಇನ್ನರ್ಧ ಬಗ್ಗಿಸಿ ಹೋದ. ಆತ ಬಡಗಿ, ಎಲ್ಲರಿಗೂ ಬಡಗಿ ತಾತ. ಎಷ್ಟೋ ತಿಂಗಳ ಮೇಲೆ ಕೆಟಲನ್ನು ಅವಳ ಕೈಗೆ ದಾಟಿಸುವಾಗ ಹೇಳಿದ್ದು ಇಷ್ಟೇ: “ಹೊಸಬರಿಗೆ ಅರ್ಧ ಲೋಟ. ತುಂಬಿಸಿಕೊಟ್ರೆ ಚೆಲ್ಲೋದು ಚಹಾ ಅಲ್ಲ, ಅವರ ಮಾನ. ಕೈ ನೋಡ್ಬೇಡ, ಲೋಟ ನೋಡು.” ಅಲ್ಲಿಂದ ಅದು ಅವಳ ಕೆಲಸ. ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯ ಹಬೆಯಲ್ಲಿ ಕಂಡವರ ಹಾಸಿಗೆಯ ಬಟ್ಟೆ, ಸಂಜೆ ಕಂಡವರ ಎಂಜಲು ಲೋಟ. ಎರಡಕ್ಕೂ ಇರುವುದು ಒಂದೇ ಸೊಂಟ. ಹೊಸಬನೊಬ್ಬ ವಾಂತಿ ಮಾಡಿಕೊಂಡ ನೆಲವನ್ನು ಬಗ್ಗಿ ಒರೆಸಿದ ದಿನ ಅವಳಿಗೆ ವಿಚಿತ್ರವಾದ ಒಂದು ಸಂಗತಿ ಹೊಳೆದಿತ್ತು. ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯವನ ಮುಂದೆ, ನೆಟ್ಟಗೆ ನಿಂತಾಗಲೆಲ್ಲ ತಾನು ಬಗ್ಗಿಯೇ ಇರುತ್ತೇನೆ. ಇಲ್ಲಿ ಮಾತ್ರ ಬಗ್ಗಿದಾಗ ಬೆನ್ನು ನೆಟ್ಟಗಿದೆ. ಆ ಹೊಸಬ ‘ಕ್ಷಮಿಸಿ ಅಕ್ಕ, ಕ್ಷಮಿಸಿ ಅಕ್ಕ’ ಎಂದು ಗೋಳಾಡುತ್ತಿದ್ದ. “ಕಾಲು ಎತ್ತಪ್ಪ ಮೊದ್ಲು, ಅದರಡಿ ಒರೆಸ್ಬೇಕು,” ಎಂದಿದ್ದಳು. ಬಡಗಿ ತಾತ ನಕ್ಕಿದ್ದ.

ಮೆಟ್ಟಿಲ ಮೇಲೆ ಹೆಜ್ಜೆಗಳು. ಕೈ ಒರೆಸಿಕೊಂಡು ಹೊರಗೆ ಬಂದರೆ ಮೊದಲು ಕಂಡದ್ದು ಓರಗಿತ್ತಿಯ ಸೀರೆಯ ಅಂಚು, ಆಮೇಲೆ ಭಾವ, ಅವರ ಹಿಂದೆ ಮಗಳು. ಮಗಳು ಇನ್ನೊಂದು ಬೆರಳಿನಷ್ಟು ಉದ್ದವಾಗಿದ್ದಳು. ದೊಡ್ಡಮ್ಮ ಹೊಲಿಸಿಕೊಟ್ಟ ಚೂಡಿದಾರ, ದೊಡ್ಡಮ್ಮ ಬಾಚಿದ ಜಡೆ. ಚಪ್ಪಲಿಯನ್ನು ಗೂಡಿನಲ್ಲಿಡದೆ, ನೆಂಟರು ಬಿಡುವ ಹಾಗೆ, ಬಾಗಿಲ ಹೊರಗೇ ಬಿಟ್ಟಳು. ಅದನ್ನು ನೋಡಬಾರದಿತ್ತು, ನೋಡಿದಳು. ನೀರು ಕೊಟ್ಟಳು. ಭಾವ ನೀರು ಮುಟ್ಟದೆ, ಟೀಪಾಯಿಯ ಮೇಲಿದ್ದ ಪೇಪರನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿದು ಕೂತರು. ವಿಮಾ ಕಚೇರಿಯ ಅಧಿಕಾರಿ. ಸತ್ತವರು ನಿಜವಾಗಿ ಹೇಗೆ ಸತ್ತರು ಎಂದು ವಿಚಾರಿಸುವುದು ಅವರ ಕೆಲಸ, ಅದೇ ಮುಖದಲ್ಲಿ ಬದುಕಿದ್ದವರನ್ನೂ ವಿಚಾರಿಸುತ್ತಿದ್ದರು. ಓರಗಿತ್ತಿ ಅಷ್ಟರಲ್ಲಿ ಅಡುಗೆಮನೆ ಹೊಕ್ಕಿದ್ದಳು. “ಸಕ್ಕರೆ ಎಲ್ಲಿಟ್ಟಿದ್ದೀಯೇ?” ಎನ್ನುತ್ತ ಮೇಲಿನ ಗೂಡು, ಕೆಳಗಿನ ಗೂಡು, ಅಕ್ಕಿ ಡಬ್ಬದ ಹಿಂದೆ, ಸಿಲಿಂಡರಿನ ಸಂದಿ, ಎಲ್ಲ ಕಡೆಯೂ ಸಕ್ಕರೆ ಹುಡುಕಿದಳು. “ಎದುರಿಗೇ ಇದೆ ಅಕ್ಕ, ಒಲೆ ಪಕ್ಕ,” ಎಂದರೆ, “ಓ, ಇಲ್ಲೇ ಇದೆ ನೋಡು. ನನ್ನ ಕಣ್ಣಿಗೇನಾಗಿದೆಯೋ,” ಎಂದು ಬಚ್ಚಲುಮನೆಯನ್ನೂ ಒಮ್ಮೆ ನೋಡಿ ಬಂದಳು. ಹುಡುಕಿಕೊಳ್ಳಲಿ. ಹುಡುಕಿದವರಿಗೆ ಸಿಗಲಿಲ್ಲವೆಂಬ ಸಂಕಟ ನನಗೆ ಗೊತ್ತು, ಎಂದುಕೊಂಡಳು ಅವಳು. ಒಳಗೆಲ್ಲೋ ನಗು ಬಂತು, ಬಂದದ್ದಕ್ಕೆ ಹೆದರಿಕೆಯೂ ಆಯಿತು.

“ನೋಡಮ್ಮ,” ಭಾವ ಶುರು ಮಾಡಿದರು, “ನೀನು ಬಿಟ್ಟಿದ್ದೀಯ. ಸಂತೋಷ. ನಾನು ಇಲ್ಲ ಅನ್ನಲ್ಲ. ಆದ್ರೆ ಬಿಟ್ಟಮೇಲೂ ಆ ಜಾಗಕ್ಕೆ ಯಾಕೆ ಹೋಗ್ಬೇಕು? ಜ್ವರ ಬಿಟ್ಟೋರು ಆಸ್ಪತ್ರೇಲೇ ಮನೆ ಮಾಡ್ತಾರಾ?”

“ಅದಲ್ಲ ಭಾವ—”

“ಮುಗಿಸ್ತೀನಿ ಇರು. ಇವಳು ದೊಡ್ಡ ಹುಡುಗಿ ಆಗ್ತಿದ್ದಾಳೆ. ನಾಳೆ ಯಾರಾದ್ರೂ ನಿನ್ನಮ್ಮ ಸಂಜೆ ಎಲ್ಲಿಗೆ ಹೋಗ್ತಾಳೆ ಅಂತ ಕೇಳಿದ್ರೆ ಏನು ಹೇಳ್ಬೇಕು? ಕುಡುಕರ ಜೊತೆ ಕೂತ್ಕೊಳ್ಳೋಕೆ ಅಂತಲಾ?”

“ಕೂತ್ಕೊಳ್ಳೋದಾದ್ರೂ ಆಗ್ಲಿ,” ಓರಗಿತ್ತಿ ಸೆರಗಿನಿಂದ ಗಾಳಿ ಬೀಸಿಕೊಂಡಳು. “ಅವರ ಎಂಜಲು ಲೋಟ ತೊಳೀತಾಳಂತೆ. ನೆಲ ಸಾರಿಸ್ತಾಳಂತೆ. ನಮ್ಮನೇಲಿ ಯಾರೂ ಇಂಥ ಕೆಲಸ ಮಾಡಿಲ್ಲಪ್ಪ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಹಾಗಾಯ್ತು.”

ಗಂಡ ಗೋಡೆಯ ಮೇಲಿನ ಗಡಿಯಾರ ನಿಂತುಹೋಗಿದೆಯೇನೋ ಎಂಬಂತೆ ಅದನ್ನೇ ನೋಡುತ್ತಿದ್ದ. ಮಗಳು ಚೂಡಿದಾರದ ದಾರ ಒಂದನ್ನು ಎಳೆಯುತ್ತಿದ್ದಳು, ಎಳೆದಷ್ಟೂ ಅದು ಬರುತ್ತಿತ್ತು.

“ಆ ಕಡೆ ತಲೆ ಹಾಕಲ್ಲ ಅಂತ ಒಂದು ಮಾತು ಹೇಳು,” ಎಂದರು ಭಾವ. “ಇವತ್ತೇ ಇವಳನ್ನ ಬಿಟ್ಟು ಹೋಗ್ತೀವಿ. ಇಲ್ಲಾಂದ್ರೆ ಓದು ಮುಗಿಯೋವರೆಗೂ ನಮ್ಮನೇಲೇ ಇರ್ತಾಳೆ.”

“ಚಹಾ ತರ್ತೀನಿ,” ಎಂದು ಅವಳು ಎದ್ದಳು. ಗಂಡ ಕಣ್ಣಲ್ಲೇ ‘ಹೂಂ ಅನ್ನು, ಹೂಂ ಅನ್ನು’ ಎಂದು ಬೇಡಿಕೊಂಡದ್ದು ಬೆನ್ನಿಗೆ ಅಂಟಿಕೊಂಡು ಒಳಗೂ ಬಂತು. ಒಂದು ಹೂಂ. ಏನು ಗಂಟು ಹೋಗುತ್ತದೆ. ಹೂಂ ಎಂದು, ಮಗಳನ್ನು ಒಳಗೆ ಕರೆದುಕೊಂಡು, ಕದ್ದು ಹೋಗಿಬಂದರಾಯಿತು. ಕದ್ದು. ಆ ಪದ ತಲೆಯಲ್ಲಿ ಬಂದದ್ದೇ ಬೆನ್ನಹುರಿಯಲ್ಲಿ ಹಳೆಯ ತಣ್ಣನೆಯ ಹಾವೊಂದು ಮಿಸುಕಿತು. ಕದ್ದು ಕುಡಿದವಳು ಈಗ ಕದ್ದು ಲೋಟ ತೊಳೆಯಬೇಕು. ಅಲ್ಲಿಗೆ ಹೋಗದಿದ್ದ ವಾರ ಹೇಗಿರುತ್ತದೆ ಎಂದು ಇವರಿಗೆ ಹೇಳುವುದು ಹೇಗೆ. ಲಾಂಡ್ರಿಯಿಂದ ಬರುವಾಗ ಬೀದಿಯ ಯಾವ ತಿರುವಿನಲ್ಲಿ ಕಾಲು ತಾನಾಗಿ ನಿಧಾನವಾಗುತ್ತದೆ ಎಂದು. ಆ ಕೋಣೆಯಲ್ಲಿ ಎಲ್ಲರೂ ಹೋದ ಮೇಲೆ ಲೋಟಗಳನ್ನು ಎಣಿಸದೆ ಜೋಡಿಸುವಾಗ ಮಾತ್ರ ಆ ತಿರುವು ದೂರ ಸರಿಯುತ್ತದೆ ಎಂದು. ಚಹಾ ಉಕ್ಕಿತು. ಕೆಟಲಿಗೆ ಸೋಸಿದಳು. ತಟ್ಟೆ ಹಿಡಿದು ನಡುಮನೆಗೆ ಬಂದು, ಒಬ್ಬೊಬ್ಬರ ಮುಂದೆ ಲೋಟ ಇಟ್ಟು, ಕೆಟಲಿನಿಂದ ಬಗ್ಗಿಸುತ್ತ ಹೋದಳು. ಓರಗಿತ್ತಿಗೆ ತುಂಬ, ಗಂಡನಿಗೆ ತುಂಬ, ಮಗಳಿಗೆ ತುಂಬ. ಕೊನೆಯ ಲೋಟದಲ್ಲಿ ಅರ್ಧಕ್ಕೆ ಬಂದಾಗ ಕೆಟಲಿನ ಮೂತಿ ತಾನಾಗಿ ಮೇಲೆದ್ದಿತು. ಅವಳು ತಟ್ಟೆ ತೆಗೆದುಕೊಂಡು ಹಿಂದೆ ಸರಿದಳು.

“ಏನಮ್ಮ,” ಭಾವ ನಗಲು ನೋಡಿದರು, “ನನಗೆ ಮಾತ್ರ ಅರ್ಧವಾ?”

ಲೋಟ ನೋಡಿದಳು. ಅರ್ಧ. ಯಾಕೆ ಹಾಗಾಯಿತು ಎಂದು ತನ್ನನ್ನೇ ಕೇಳಿಕೊಂಡಳು, ಕೈ ಮೊದಲು ನೋಡಿದ್ದನ್ನು ಕಣ್ಣು ಈಗ ಒಂದೊಂದಾಗಿ ನೋಡಿತು. ಮುಟ್ಟದ ನೀರು. ಮುಷ್ಟಿಯಲ್ಲಿ ಬಿಗಿದ ಪೇಪರು, ಅದರ ತುದಿ ಫ್ಯಾನಿಲ್ಲದ ಕಡೆಯೂ ಅಲುಗುತ್ತಿದ್ದದ್ದು. ಕಿವಿಯ ಹಿಂದಿನ ಬೆವರು. ಯಾರೂ ಕುಂಬಳಕಾಯಿ ಕಳ್ಳ ಎಂದಿರಲಿಲ್ಲ, ಆದರೂ ಭಾವನ ಎಡಗೈ ಬಂದು ಬಲಗೈಯನ್ನು ಹಿಡಿದುಕೊಂಡಿತು. ಬೆಳಿಗ್ಗೆಯಿಂದ ಕುಡಿದಿಲ್ಲ ಇವರು. ದಿನಾ ಬೆಳಿಗ್ಗೆ ಕುಡಿಯುವವರು, ತಮ್ಮನ ಹೆಂಡತಿಗೆ ಕುಡಿತದ ಬಗ್ಗೆ ಬುದ್ಧಿ ಹೇಳಬೇಕೆಂದು ಇವತ್ತು ಮರ್ಯಾದೆಯಾಗಿ ಒಣಗಿ ಬಂದಿದ್ದಾರೆ. ನಗು, ಕನಿಕರ, ಇನ್ನೊಂದು ಹೆಸರಿಲ್ಲದ ಕೆಟ್ಟ ಖುಷಿ, ಮೂರೂ ಒಟ್ಟಿಗೆ ಬಂದವು.

“ಮರೆತೆ ಭಾವ,” ಎಂದು ಅಂಚಿನವರೆಗೆ ತುಂಬಿದಳು. ತುಂಬಬಾರದಿತ್ತು, ಗೊತ್ತಿದ್ದೇ ತುಂಬಿದಳು.

ಎಲ್ಲರೂ ಕುಡಿದರು. ಭಾವ ಕುಡಿಯಲಿಲ್ಲ. ಮಾತಾಡಿದರು, ಮಕ್ಕಳ ಭವಿಷ್ಯ, ಮನೆತನ, ಜನರ ಬಾಯಿ. ಚಹಾದ ಮೇಲೆ ಕೆನೆ ಕಟ್ಟಿತು. “ಆರಿಹೋಗ್ತಿದೆ ನೋಡ್ರಿ,” ಎಂದಳು ಓರಗಿತ್ತಿ. “ಕುಡೀತೀನಿ,” ಎಂದರು, ಕೈ ತೊಡೆಯ ಕೆಳಗಿನಿಂದ ಬರಲಿಲ್ಲ. ಆಗ ಮಗಳು, ಕಿಟಕಿಯ ಹೊರಗೆ ನೋಡುತ್ತಲೇ, ಕೈ ಚಾಚಿ ಆ ಲೋಟ ಎತ್ತಿಕೊಂಡಳು, ಖಾಲಿಯಾಗಿದ್ದ ತನ್ನ ಲೋಟಕ್ಕೆ ಅದರಲ್ಲಿ ಅರ್ಧ ಸುರಿದುಕೊಂಡಳು, ಉಳಿದರ್ಧವನ್ನು ದೊಡ್ಡಪ್ಪನ ಎಡಗೈಗೆ ಎಟುಕುವ ಹಾಗೆ ಟೀಪಾಯಿಯ ಅಂಚಿಗೆ ಸರಿಸಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಯಾರೂ ಹೇಳಿಕೊಡದೆ, ದಿನಾ ಮಾಡಿ ಮಾಡಿ ಕೈಗೆ ಕೂತ ಕೆಲಸದ ಹಾಗೆ ಅದನ್ನು ಮಾಡಿದಳು.

ತಾಯಿ ಅದನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಇದ್ದ ಖುಷಿ ಎಲ್ಲಿ ಹೋಯಿತೋ. “ಬಾ ಇಲ್ಲಿ,” ಎಂದು ಮಗಳನ್ನು ಅಡುಗೆಮನೆಗೆ ಕರೆದು, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಕೆಳಗೆ ಕೇಳಿದಳು: “ಎಷ್ಟು ದಿನದಿಂದ?”

“ಏನು?”

“ಗೊತ್ತು ನಿನಗೆ.”

ಮಗಳು ಸಿಂಕಿನ ಅಂಚನ್ನು ಉಗುರಿನಿಂದ ಕೆರೆದಳು. “ನಾನು ಹೋದಾಗಿಂದ. ಅದಕ್ಕೂ ಮೊದ್ಲಿಂದ ಇರ್ಬೇಕು.”

“ದೊಡ್ಡಮ್ಮಂಗೆ?”

“ಗೊತ್ತು. ಗೊತ್ತಿಲ್ಲದ ಹಾಗಿರ್ತಾರೆ. ನಮ್ಮಪ್ಪ ಇರ್ತಿದ್ನಲ್ಲ, ಹಾಗೆ.”

“ಯಾಕೆ ಹೇಳ್ಲಿಲ್ಲ?”

“ಯಾರಿಗೆ? ನಿನಗಾ?” ಮಗಳು ಮೊದಲ ಬಾರಿಗೆ ಮುಖ ಎತ್ತಿದಳು. “ನಿನಗೊಬ್ಬಳಿಗೇ ಗೊತ್ತಾಗುತ್ತೆ ಅಂದ್ಕೊಂಡಿದ್ದೀಯಾ ಅಮ್ಮ? ನನಗೆ ಕಲಿಸಿದವಳೇ ನೀನು.”

ನೀರು ಸುರಿಯುತ್ತಲೇ ಇತ್ತು. ಇವಳನ್ನು ಬೆಂಕಿಯಿಂದ ಎತ್ತಿ ಬಾಣಲೆಗೆ ಹಾಕಿ, ತಣ್ಣಗಿರುತ್ತಾಳೆ ಎಂದು ಇಷ್ಟು ದಿನ ತಾನು ನಿದ್ದೆ ಮಾಡಿದ್ದಳು. ನಲ್ಲಿ ನಿಲ್ಲಿಸಿ ನಡುಮನೆಗೆ ಬಂದಳು. ಒಂದೇ ಮಾತು ಸಾಕಿತ್ತು. ಅಕ್ಕ, ಇವರ ಕೈ ಬಿಡಿಸಿ ನೋಡಿ. ಆ ಮಾತು ನಾಲಗೆಯ ಮೇಲೆ ಬಂದು ಕೂತಿತು. ಮೊದಲ ಗುಟುಕಿನ ರುಚಿಯೇ ಅದಕ್ಕೂ ಇತ್ತು, ಅದೇ ಬಿಸಿ, ಇಷ್ಟು ವರ್ಷದ ಅವಮಾನವೆಲ್ಲ ಒಂದೇ ಸಲ ಕರಗಿಸಿಬಿಡುತ್ತೇನೆ ಎಂಬ ಅದೇ ಸುಳ್ಳು. ಭಾವ ಅವಳ ಬಾಯಿಯನ್ನೇ ನೋಡುತ್ತಿದ್ದರು. ಆ ನೋಟ ಅವಳಿಗೆ ಗೊತ್ತು. ವಾರ್ಡಿಗೆ ಸೇರಿಸುವ ಮುಂಚೆ ಎಲ್ಲರ ಬಾಯಿಯನ್ನೂ ತಾನು ಹಾಗೆಯೇ ನೋಡುತ್ತಿದ್ದಳು, ಯಾರು ಮೊದಲು ಹೇಳುತ್ತಾರೆ ಎಂದು. ಇನ್ನೊಬ್ಬರ ಕಾಯಿಲೆಗೆ ನಾವು ಹೆಸರಿಡೋದಲ್ಲ, ಅವರೇ ಇಟ್ಕೊಳ್ಳೋವರೆಗೂ ಚಹಾ ಕೊಡೋದು, ಎನ್ನುತ್ತಿದ್ದ ಬಡಗಿ ತಾತ. ಸುಲಭವಾಗಿ ಹೇಳಿಬಿಟ್ಟಿದ್ದ ಮುದುಕ. ಅವನ ಮಗಳು ಯಾರ ಮನೆಯಲ್ಲೂ ಲೋಟ ಸರಿಸಿಡುತ್ತಿರಲಿಲ್ಲ.

“ಭಾವ, ಅಲ್ಲಿಗೆ ಹೋಗೋದನ್ನ ನಾನು ಬಿಡಲ್ಲ,” ಎಂದಳು.

ಗಂಡ ಕಣ್ಣು ಮುಚ್ಚಿಕೊಂಡ.

“ನಾನು ಕುಡುಕಿ. ಬಿಟ್ಟಿರೋ ಕುಡುಕಿ, ಅಷ್ಟೆ. ಆ ಎಂಜಲು ಲೋಟ ತೊಳೆಯೋದ್ರಿಂದಾನೇ ನಾನು ಇವತ್ತು ನೆಟ್ಟಗೆ ನಿಂತಿರೋದು. ಅಕ್ಕ ಹೇಳಿದ್ದು ನಿಜ, ನೆಲಾನೂ ಸಾರಿಸ್ತೀನಿ. ಯಾರಾದ್ರೂ ಇವಳನ್ನ ಕೇಳಿದ್ರೆ ಅದನ್ನೇ ಹೇಳ್ಲಿ. ಮತ್ತೆ, ಇವಳು ಇವತ್ತಿಂದ ಇಲ್ಲೇ ಇರ್ತಾಳೆ.”

“ಆಹಾ,” ಎಂದಳು ಓರಗಿತ್ತಿ. “ಯಾವ ಬಾಯಲ್ಲಿ ಹೇಳ್ತೀಯೇ ಇದನ್ನ? ಇಷ್ಟು ದಿನ ಸಾಕಿದವರು ನಾವು.”

“ಹೌದಕ್ಕ. ನೀವು ಸಾಕಿದ್ರಿ, ಇಲ್ಲ ಅನ್ನಲ್ಲ. ನಿಮ್ಮ ಋಣ ದೊಡ್ಡದು. ಆದ್ರೂ ಇಲ್ಲೇ ಇರ್ತಾಳೆ.”

“ಏಯ್,” ಎಂದ ಗಂಡ, ಸಣ್ಣ ದನಿಯಲ್ಲಿ. “ಏನು ಹೇಳಿದ್ದೆ ನಿನಗೆ ನಾನು?”

“ಹೂಂ ಅನ್ನು ಅಂದಿದ್ರಿ. ಇವತ್ತು ಬರ್ಲಿಲ್ಲ ರೀ, ಏನು ಮಾಡ್ಲಿ.”

“ನಾನೇನು ಗ್ಯಾಸ್ ಸಿಲಿಂಡರಾ?” ಬಾಗಿಲಿನಿಂದ ಮಗಳ ದನಿ ಬಂತು. “ಖಾಲಿಯಾದ್ರೆ ಆ ಕಡೆ, ತುಂಬಿದ್ರೆ ಈ ಕಡೆ. ಯಾರೂ ನನ್ನ ಕೇಳಲ್ಲ.” ಹುಡುಗಿ ಅಮ್ಮನನ್ನು ನೋಡಲಿಲ್ಲ, ದೊಡ್ಡಪ್ಪನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆಮೇಲೆ, “ಅಪ್ಪ, ನನ್ನ ಪುಸ್ತಕ ಎಲ್ಲ ದೊಡ್ಡಮ್ಮನ ಮನೇಲಿದೆ. ತರ್ಬೇಕು,” ಎಂದಳು.

ಓರಗಿತ್ತಿ ಬಾಯಿ ತೆರೆದಳು. “ಇರ್ಲಿ ಬಿಡು,” ಎಂದರು ಭಾವ ತಟ್ಟನೆ, “ಅವರ ಮಗಳು, ಅವರು ನೋಡ್ಕೊಳ್ಳಲಿ,” ಎಂದು ಎದ್ದರು. ಅಷ್ಟು ಸುಲಭವಾಗಿ ಅವರು ಬಿಟ್ಟುಕೊಟ್ಟದ್ದು ನೋಡಿ ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಓರಗಿತ್ತಿಯ ಮುಖ ಊದಿಕೊಂಡಿತು, ಆದರೆ ಅದರಡಿ ಇನ್ನೇನೋ ಇತ್ತು. ಅಷ್ಟು ದೊಡ್ಡ ಮನೆಯಲ್ಲಿ ಇನ್ನು ಗಂಡನ ಜೊತೆ ತಾನೊಬ್ಬಳೇ ಇರಬೇಕಲ್ಲ ಎನ್ನುವಂಥದ್ದು. ಮಗಳ ಕೆನ್ನೆಯನ್ನು ಒಮ್ಮೆ ಗಟ್ಟಿಯಾಗಿ ಸವರಿ, ಯಾರಿಗೂ ಹೇಳದೆ ಇಳಿದಳು. ಪುಸ್ತಕ ತರಲು ಗಂಡ ಸ್ಕೂಟರಿನ ಕೀಲಿ ಹುಡುಕಿಕೊಂಡು ಹಿಂದೆಯೇ ಓಡಿದ.

ಅವಳು ಇಳಿದು ಬಂದರೆ ಮೆಟ್ಟಿಲ ತಿರುವಿನಲ್ಲಿ ಭಾವ ಕಂಬಿ ಹಿಡಿದು ನಿಂತಿದ್ದರು. ಅವಳು ಬರುತ್ತಾಳೆಂದು ಗೊತ್ತಿದ್ದವರ ಹಾಗೆ, ತಿರುಗದೆ ಕೇಳಿದರು: “ತಮ್ಮನಿಗೆ ಹೇಳ್ತೀಯಾ?”

“ಇಲ್ಲ ಭಾವ.”

“ಮತ್ತೆ ಏನು ಬೇಕು ನಿನಗೆ?”

“ಏನೂ ಬೇಡ. ಗುರುವಾರ ಸಂಜೆ ಅಚ್ಚುಮನೆ ಮೇಲಿನ ಬಾಗಿಲು ತೆಗೆದಿರುತ್ತೆ. ತೆಗೆಯೋಳು ನಾನೇ. ಬಾಗಿಲ ಪಕ್ಕ ಒಂದು ಕುರ್ಚಿ ಇದೆ, ಎದ್ದು ಹೋಗೋಕೆ ಸುಲಭ. ಯಾರೂ ಏನೂ ಕೇಳಲ್ಲ.”

ಭಾವ ತಿರುಗಿದರು. ಅಧಿಕಾರಿಯ ಮುಖ ವಾಪಸು ಬಂದಿತ್ತು, ಅದರ ಮೇಲೆ ಬೆವರು ಇದ್ದರೂ. “ನನಗೇ ಹೇಳ್ತೀಯಾ ನೀನು? ನಾಚಿಕೆ ಇಲ್ವಾ ನಿನಗೆ?”

“ಇಲ್ಲ ಭಾವ,” ಎಂದಳು. “ಇದ್ದದ್ದೆಲ್ಲ ಖರ್ಚಾಗಿದೆ.”

ಭಾವ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಬಂದರೂ ಬರಬಹುದು, ಬರದೆಯೂ ಇರಬಹುದು. ಬಹಳ ಜನ ಬರುವುದಿಲ್ಲ. ಬಾಗಿಲು ತೆರೆಯುವುದು ಅದಕ್ಕಾಗಿ ನಿಲ್ಲುವುದಿಲ್ಲ. ಅವಳು ಮೇಲೆ ಬಂದಳು, ಸೆರಗು ಸಿಕ್ಕಿಸಿ ಟೀಪಾಯಿ ಒರೆಸಿದಳು.

ಮಗಳು ಅಡುಗೆಮನೆಗೆ ಬಂದು, ಬೇಕೆಂದೇ ಹತ್ತಿರ, ತೀರಾ ಹತ್ತಿರ ನಿಂತಳು. “ಅಮ್ಮ, ಉಪ್ಪಿನ ಡಬ್ಬಿ ಎಲ್ಲಿ?” ಎಂದಳು. ಉಪ್ಪು ಯಾರಿಗೂ ಬೇಕಿರಲಿಲ್ಲ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳೇ ಇವಳು ಹೀಗೆಯೇ ಮುಖದ ಹತ್ತಿರ ಮುಖ ತಂದು ಕೆಲಸಕ್ಕೆ ಬಾರದ ಏನನ್ನಾದರೂ ಕೇಳುತ್ತಿದ್ದಳು. ಉತ್ತರಕ್ಕಲ್ಲ, ಉತ್ತರದ ಜೊತೆ ಬರುವ ಉಸಿರಿಗೆ. ಆಗೆಲ್ಲ ತಾನು ಗೋಡೆಯ ಕಡೆ ತಿರುಗಿ, ಹಲ್ಲು ಕಚ್ಚಿ, ಮೂಗಿನಲ್ಲೇ ‘ಅಲ್ಲೇ ಇದೆ ನೋಡು’ ಎನ್ನುತ್ತಿದ್ದದ್ದು ಮೈಯೆಲ್ಲ ಒಮ್ಮೆ ಹರಿಯಿತು. ಈಗ ಗೋಡೆ ಅಲ್ಲೇ ಇತ್ತು. ಅವಳು ತಿರುಗಲಿಲ್ಲ. ಕೈ ಒರೆಸಿಕೊಂಡು, ಮಗಳ ಗಲ್ಲ ಹಿಡಿದು, ಬಾಯಿ ಅಗಲಿಸಿ, ಹೊಟ್ಟೆಯ ತಳದಿಂದ ಉಸಿರೆಳೆದು ಹುಡುಗಿಯ ಮುಖದ ಮೇಲೆ ಹಾ ಎಂದು ಬಿಟ್ಟಳು.

“ನೋಡ್ಕೋ,” ಎಂದಳು. “ದಿನಾ ನೋಡ್ಕೋ.”

ಮಗಳು ನಗಲಿಲ್ಲ, ಅಳಲಿಲ್ಲ. ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ, ಎಲ್ಲವನ್ನೂ ಪರೀಕ್ಷೆ ಮಾಡಿದಳು.

“ಇನ್ನೊಂದ್ಸಲ,” ಎಂದಳು.